ಕು-ರಿಂಗ್-ಗೈ ಚೇಸ್ ರಾಷ್ಟ್ರೀಯ ಉದ್ಯಾನ

ಕು-ರಿಂಗ್-ಗೈ ಚೇಸ್ ರಾಷ್ಟ್ರೀಯ ಉದ್ಯಾನವು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ, ಸಿಡ್ನಿ ನಗರಕೇಂದ್ರದಿಂದ ಸುಮಾರು 25 ಕಿ.ಮೀ. ಉತ್ತರಕ್ಕಿರುವ ಸಂರಕ್ಷಿತ ಪ್ರದೇಶ. 1894ರಲ್ಲಿ ಸ್ಥಾಪನೆಯಾದ ಇದು ಆಸ್ಟ್ರೇಲಿಯಾದ ಅತಿ ಹಳೆಯ ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದು. ಇದರ ವಿಸ್ತೀರ್ಣ ಸುಮಾರು 150 ಚದರ ಕಿ.ಮೀ. ಹಾಕ್ಸ್‌ಬರಿ ನದಿಯ ಅಳಿವೆ, ಕೋವನ್ ಕ್ರೀಕ್ ಮತ್ತು ಪಿಟ್‌ವಾಟರ್ ಎಂಬ ಜಲಭಾಗಗಳು ಇದಕ್ಕೆ ಹೊಂದಿಕೊಂಡಿವೆ. ತೆರೆಗಳ ಅಬ್ಬರವಿಲ್ಲದ ಸಣ್ಣ ಕಡಲತೀರಗಳು, ಮರಳುಗಲ್ಲಿನ ಬೆಟ್ಟಸಾಲಿನ ಮೇಲೆ ಸಾಗುವ ಕಾಲುದಾರಿಗಳು ಹಾಗೂ ಮೂಲನಿವಾಸಿಗಳ ಶಿಲಾಚಿತ್ರಗಳು ಇಲ್ಲಿನ ಮುಖ್ಯ ವೈಶಿಷ್ಟ್ಯಗಳು.

ಈ ಮೂರೂ ಒಂದೇ ಭೂಪ್ರದೇಶದಲ್ಲಿ ಹೆಣೆದುಕೊಂಡಿವೆ. ಮೂಲನಿವಾಸಿಗಳು ಮೀನು ಹಿಡಿದ ಕೊಲ್ಲಿಗಳು, ಊಟ ಮಾಡಿ ಚಿಪ್ಪುಗಳನ್ನು ಬಿಟ್ಟುಹೋದ ತೀರಗಳು, ತಂಗಿದ ಕಲ್ಲಾಸರೆಗಳು ಮತ್ತು ಚಿತ್ರ ಕೊರೆದ ಬಂಡೆಗಳು ಇಲ್ಲಿ ಕೆಲವೇ ಕಿಲೋಮೀಟರ್ ಅಂತರದಲ್ಲಿ ಸಿಗುತ್ತವೆ. ಚಿತ್ರಗಳಲ್ಲಿ ಹಲವು ಇಂದಿಗೂ ಕಾಣುತ್ತವೆಯಾದರೂ ಅವುಗಳ ಅರ್ಥವನ್ನು ಬಲ್ಲ ಸಮುದಾಯಗಳ ಬದುಕು 18ನೆಯ ಶತಮಾನದ ಕೊನೆಯಲ್ಲಿ ಛಿದ್ರವಾಯಿತು. ಆದ್ದರಿಂದ ಉಳಿದಿರುವ ಪ್ರತಿ ರೇಖೆಯ ಸಂರಕ್ಷಣೆಗೂ ಹೆಚ್ಚಿನ ಮಹತ್ವವಿದೆ.

ಹೆಸರು

'ಕು-ರಿಂಗ್-ಗೈ' ಎಂಬ ಹೆಸರು ಈ ಪ್ರದೇಶದ ಮೂಲನಿವಾಸಿಗಳು ತಮ್ಮನ್ನು ಕರೆದುಕೊಳ್ಳುತ್ತಿದ್ದ ಹೆಸರೆಂದು ಬಹುಕಾಲ ನಂಬಲಾಗಿತ್ತು. ಆದರೆ ಈ ರೂಪವನ್ನು ಬಳಕೆಗೆ ತಂದವನು ಜಾನ್ ಫ್ರೇಸರ್ ಎಂಬ ವಿದ್ವಾಂಸ. 1892ರಲ್ಲಿ ತಾನು ಸಂಪಾದಿಸಿದ ಭಾಷಾಗ್ರಂಥವೊಂದರಲ್ಲಿ ಆತ ನ್ಯೂ ಸೌತ್ ವೇಲ್ಸ್ ಕರಾವಳಿಯ ಬಹುದೊಡ್ಡ ಭಾಗದ ಜನರಿಗೆ ಒಟ್ಟಾಗಿ ಈ ಹೆಸರನ್ನು ಇಟ್ಟನು. ಎರಡು ವರ್ಷಗಳ ಬಳಿಕ ಸ್ಥಾಪನೆಯಾದ ಉದ್ಯಾನಕ್ಕೂ ಅದೇ ಹೆಸರು ಬಂದಿತು. ಇಂದು ಈ ಹೆಸರಿನ ಬಳಕೆ ವಿವಾದಾಸ್ಪದವಾಗಿದೆ. ಉತ್ತರ ಸಿಡ್ನಿಯ ಸ್ಥಳೀಯ ಆಡಳಿತಗಳ ಪರವಾಗಿ ಕೆಲಸ ಮಾಡುವ ಮೂಲನಿವಾಸಿ ಪರಂಪರೆ ಕಚೇರಿಯು 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯು, ಈ ಹೆಸರಿಗೆ ಸಿಡ್ನಿ ಪ್ರದೇಶದಲ್ಲಿ ಐತಿಹಾಸಿಕ ಆಧಾರವಿಲ್ಲವೆಂದು ಹೇಳಿ ಅದನ್ನು ಬಳಸದಿರುವಂತೆ ಸೂಚಿಸಿತು. ಬ್ರೋಕನ್ ಬೇ ಕೊಲ್ಲಿಯ ಸುತ್ತಲಿನ ಜನರ ವಿಷಯದಲ್ಲಿ ವಸಾಹತುಕಾಲದ ಆರಂಭಿಕ ದಾಖಲೆಗಳಲ್ಲಿ ಬರುವ ಹೆಸರು ಗಾರಿಗಲ್. ಇದು ಒಂದು ಕುಲದ ಹೆಸರು.

'ಚೇಸ್' ಎಂಬುದು ಇಂಗ್ಲಿಷಿನ ಹಳೆಯ ಬಳಕೆಯಲ್ಲಿ ಬೇಲಿಯಿಲ್ಲದ ಬೇಟೆಕಾಡು ಎಂಬ ಅರ್ಥದ ಪದ. ಉದ್ಯಾನದ ಹೆಸರಿನಲ್ಲಿ ಅದು ತೆರೆದ ಅರಣ್ಯಭೂಮಿ ಎಂಬುದನ್ನಷ್ಟೇ ಸೂಚಿಸುತ್ತದೆ.

ಭೂರಚನೆ

ಉದ್ಯಾನದ ಬಹುಭಾಗ ಹಾಕ್ಸ್‌ಬರಿ ಮರಳುಗಲ್ಲು ಎಂಬ ಶಿಲೆಯಿಂದಾಗಿದೆ. ಟ್ರಯಾಸಿಕ್ ಯುಗದಲ್ಲಿ, ಸುಮಾರು 24 ಕೋಟಿ ವರ್ಷಗಳ ಹಿಂದೆ, ಬೃಹತ್ ನದಿಯೊಂದು ತಂದು ಹಾಸಿದ ಮರಳು ಗಟ್ಟಿಗೊಂಡು ಈ ಶಿಲೆ ರೂಪುಗೊಂಡಿತು. ತೀರದ ಮಟ್ಟದಲ್ಲಿ ಕೆಲವೆಡೆ ಇದಕ್ಕಿಂತ ಹಳೆಯದಾದ, ಜೇಡುಗಲ್ಲು ಬೆರೆತ ನ್ಯಾರಬೀನ್ ಶಿಲಾಸ್ತರಗಳು ಕಾಣಸಿಗುತ್ತವೆ. ಬೆಟ್ಟಸಾಲಿನ ಕೆಲವು ನೆತ್ತಿಗಳ ಮೇಲೆ ಮುರಕಲ್ಲಿನ ಹೊದಿಕೆಯಿದೆ.

ಮರಳುಗಲ್ಲಿನ ಎರಡು ಗುಣಗಳು ಈ ಪ್ರದೇಶದ ಮಾನವ ಇತಿಹಾಸವನ್ನು ರೂಪಿಸಿವೆ. ಒಂದು, ಅದು ಮೇಲ್ಭಾಗದಲ್ಲಿ ಅಗಲವಾದ, ಸಮತಟ್ಟಾದ ಹಾಸುಬಂಡೆಗಳಾಗಿ ತೆರೆದುಕೊಳ್ಳುತ್ತದೆ. ಇವು ಕೊರೆಚಿತ್ರಗಳಿಗೆ ತಕ್ಕ ಮೇಲ್ಮೈಯನ್ನು ಒದಗಿಸಿದವು. ಎರಡು, ಬಂಡೆಯ ಅಂಚಿನ ಕೆಳಭಾಗ ಬೇಗ ಸವೆದು, ಮೇಲಿನ ಭಾಗ ಚಾವಣಿಯಂತೆ ಚಾಚಿಕೊಂಡು ನಿಲ್ಲುತ್ತದೆ. ಹೀಗಾದ ಕಲ್ಲಾಸರೆಗಳು ಮಳೆಗಾಳಿಗಳಿಂದ ರಕ್ಷಣೆ ಕೊಡುವ ತಂಗುದಾಣಗಳಾದವು. ಗೋಡೆಯ ಮೇಲಿನ ವರ್ಣಚಿತ್ರಗಳು ಉಳಿದಿರುವುದು ಇಂತಹ ಆಸರೆಗಳಲ್ಲಿಯೇ.

ಸುಮಾರು 20,000 ವರ್ಷಗಳ ಹಿಂದೆ, ಕೊನೆಯ ಹಿಮಯುಗದ ತೀವ್ರಾವಸ್ಥೆಯಲ್ಲಿ, ಸಮುದ್ರಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗಿನ ಕಡಲಂಚು ಇಂದಿನ ತೀರದಿಂದ ಹಲವು ಕಿಲೋಮೀಟರ್ ಪೂರ್ವಕ್ಕಿದ್ದು, ಪಿಟ್‌ವಾಟರ್ ಮತ್ತು ಕೋವನ್ ಕ್ರೀಕ್‌ಗಳು ಕಡಿದಾದ ನದೀಕಣಿವೆಗಳಾಗಿದ್ದವು. ಹಿಮ ಕರಗಿದಂತೆ ಕಡಲು ಏರಿ ಈ ಕಣಿವೆಗಳನ್ನು ಮುಳುಗಿಸಿತು. ಸುಮಾರು 7,000 ವರ್ಷಗಳ ಹಿಂದೆ ನೀರು ಹೆಚ್ಚುಕಡಿಮೆ ಇಂದಿನ ಮಟ್ಟಕ್ಕೆ ಬಂದು ನಿಂತಿತು. ಇಂದು ಕಾಣುವ ಕವಲುಕವಲಾದ ಒಳಕೊಲ್ಲಿಗಳು ಹೀಗೆ ಮುಳುಗಿದ ಕಣಿವೆಗಳು. ಕಡಲು ಏರಿದ ದೀರ್ಘಕಾಲದಲ್ಲಿ ಸಿಡ್ನಿ ಪ್ರದೇಶದಲ್ಲಿ ಜನವಸತಿಯಿತ್ತು. ಹಳೆಯ ಕರಾವಳಿಯ ನೆಲೆಗಳು ಈಗ ನೀರಿನಡಿಯಲ್ಲಿರುವುದರಿಂದ, ತೀರದಲ್ಲಿ ದೊರೆಯುವ ಕುರುಹುಗಳಲ್ಲಿ ಹೆಚ್ಚಿನವು ಆ ಬಳಿಕದ ಕಾಲದವು.

ಆಶ್ರಿತ ಕಡಲತೀರಗಳು

ಸಿಡ್ನಿಯ ಪೂರ್ವದ ತೀರಗಳಿಗೆ ಪೆಸಿಫಿಕ್ ಸಾಗರದ ಅಲೆಗಳು ನೇರವಾಗಿ ಬಂದು ಬಡಿಯುತ್ತವೆ. ಪಿಟ್‌ವಾಟರ್‌ನ ಸ್ಥಿತಿ ಬೇರೆ. ಇದರ ಮತ್ತು ಸಾಗರದ ನಡುವೆ ಉತ್ತರ-ದಕ್ಷಿಣವಾಗಿ ಚಾಚಿರುವ ಕಿರಿದಾದ ಪರ್ಯಾಯದ್ವೀಪವಿದೆ. ಅದರ ತುದಿಯಲ್ಲಿರುವ ಬ್ಯಾರನ್‌ಜೋಯಿ ಭೂಶಿರವನ್ನು ಮರಳಿನ ದಂಡೆಯೊಂದು ಮುಖ್ಯ ಭೂಭಾಗಕ್ಕೆ ಜೋಡಿಸುತ್ತದೆ. ಈ ತಡೆಯಿಂದಾಗಿ ಒಳಗಿನ ನೀರು ಬಹುಮಟ್ಟಿಗೆ ಶಾಂತವಾಗಿರುತ್ತದೆ. ಮುಖ್ಯ ತೀರಗಳು ಇವು:

ರೆಸಲ್ಯೂಟ್ ತೀರ: ವೆಸ್ಟ್ ಹೆಡ್ ಭೂಶಿರದ ದಕ್ಷಿಣದಲ್ಲಿ, ಕಾಡಿನ ಇಳಿಜಾರಿನ ಬುಡದಲ್ಲಿದೆ. ಕಾಲುದಾರಿಯಿಂದ ಅಥವಾ ದೋಣಿಯಿಂದ ಮಾತ್ರ ತಲುಪಬಹುದು.

ವೆಸ್ಟ್ ಹೆಡ್ ತೀರ: ಭೂಶಿರದ ಕೆಳಗಿರುವ ಚಿಕ್ಕ ತೀರ. ಇಲ್ಲಿಂದ ಎದುರಿಗೆ ಬ್ಯಾರನ್‌ಜೋಯಿ ಭೂಶಿರ ಕಾಣುತ್ತದೆ.

ಗ್ರೇಟ್ ಮ್ಯಾಕರೆಲ್ ತೀರ: ರಸ್ತೆ ಸಂಪರ್ಕವಿಲ್ಲದ ಪುಟ್ಟ ಜನವಸತಿಯೊಂದು ಇದರ ಪಕ್ಕದಲ್ಲಿದೆ. ಪಾಮ್ ಬೀಚ್‌ನಿಂದ ಪ್ರಯಾಣಿಕರ ದೋಣಿ ಇಲ್ಲಿಗೆ ಬರುತ್ತದೆ.

ದಿ ಬೇಸಿನ್: ಮರಳಿನ ನಾಲಗೆಯೊಂದು ಸುತ್ತುವರಿದ ಹಿನ್ನೀರಿನಂತಹ ಕೊಳ. ಉದ್ಯಾನದಲ್ಲಿ ಡೇರೆ ಹಾಕಿ ತಂಗಲು ಅವಕಾಶವಿರುವ ಸ್ಥಳ ಇದು. ಮುಂಗಡ ಕಾಯ್ದಿರಿಸುವಿಕೆ ಅಗತ್ಯ.

ಫ್ಲಿಂಟ್ ಆಂಡ್ ಸ್ಟೀಲ್ ತೀರ: ಬ್ರೋಕನ್ ಬೇ ಕಡೆಗೆ ಉತ್ತರಾಭಿಮುಖವಾಗಿದೆ. ಪಿಟ್‌ವಾಟರ್‌ನ ತೀರಗಳಿಗಿಂತ ಇಲ್ಲಿ ಗಾಳಿ ಮತ್ತು ಸೆಳೆತ ಹೆಚ್ಚು.

ಈ ತೀರಗಳಲ್ಲಿ ಜೀವರಕ್ಷಕರ ಕಾವಲಿಲ್ಲ. ಅಲೆಗಳು ಚಿಕ್ಕವಾಗಿದ್ದರೂ ಭರತ ಇಳಿತಗಳ ಸಮಯದಲ್ಲಿ ಕೊಲ್ಲಿಯ ಬಾಯಲ್ಲಿ ಹರಿವು ಬಲವಾಗಿರುತ್ತದೆ. ಉದ್ಯಾನದ ಪಶ್ಚಿಮ ಭಾಗದಲ್ಲಿರುವ ಬಾಬಿನ್ ಹೆಡ್‌ನಲ್ಲಿ ಮರಳುತೀರಕ್ಕೆ ಬದಲಾಗಿ ಕೆಸರುದಂಡೆಯ ಕಾಂಡ್ಲಾ ಕಾಡು ಇದ್ದು, ಅದರ ನಡುವೆ ಹಲಗೆಯ ನಡೆದಾರಿಯನ್ನು ನಿರ್ಮಿಸಲಾಗಿದೆ.

ಮೂಲನಿವಾಸಿಗಳ ಜೀವನ

ಬ್ರೋಕನ್ ಬೇ ಸುತ್ತಲಿನ ಜನರಿಗೆ ಆಹಾರದ ಮುಖ್ಯ ಆಕರ ನೀರು. ಸಿಡ್ನಿ ಕರಾವಳಿಯ ಬಗ್ಗೆ 1788ರ ನಂತರದ ಬ್ರಿಟಿಷ್ ಅಧಿಕಾರಿಗಳ ಬರಹಗಳು ಈ ಜೀವನಕ್ರಮವನ್ನು ಸಾಕಷ್ಟು ವಿವರವಾಗಿ ದಾಖಲಿಸಿವೆ. ಹೆಂಗಸರು 'ನವಿ' ಎಂಬ ಮರದ ತೊಗಟೆಯ ದೋಣಿಯಲ್ಲಿ ಕುಳಿತು, ಚಿಪ್ಪನ್ನು ಉಜ್ಜಿ ಮಾಡಿದ ಬಾಗಿದ ಗಾಳದಿಂದ ಮೀನು ಹಿಡಿಯುತ್ತಿದ್ದರು. ದೋಣಿಯ ನಡುವೆ ಜೇಡಿಮಣ್ಣಿನ ಮೇಲೆ ಸಣ್ಣ ಬೆಂಕಿ ಉರಿಯುತ್ತಿತ್ತು. ಗಂಡಸರು ಹಲವು ಮೊನೆಗಳ ಈಟಿಯಿಂದ ಮೀನನ್ನು ತಿವಿದು ಹಿಡಿಯುತ್ತಿದ್ದರು. ಸಿಂಪಿ, ಕಪ್ಪೆಚಿಪ್ಪುಗಳನ್ನು ತೀರದಲ್ಲೇ ಆಯ್ದು ತಿನ್ನಲಾಗುತ್ತಿತ್ತು.

ಹೀಗೆ ಉಳಿದ ಚಿಪ್ಪುಗಳು, ಮೀನಿನ ಮೂಳೆಗಳು, ಇದ್ದಿಲು ಮತ್ತು ಕಲ್ಲಿನ ಚೂರುಗಳು ತಲೆಮಾರುಗಳ ಕಾಲ ಒಂದರ ಮೇಲೊಂದು ಸೇರಿ ಚಿಪ್ಪುದಿಬ್ಬಗಳಾದವು. ಯಾವ ಕಾಲದಲ್ಲಿ ಯಾವ ಆಹಾರ ದೊರೆಯುತ್ತಿತ್ತು, ಗಾಳದ ಬಳಕೆ ಯಾವಾಗ ಹೆಚ್ಚಿತು ಎಂಬುದನ್ನು ಪುರಾತತ್ತ್ವಜ್ಞರು ಇವುಗಳ ಪದರಗಳಿಂದ ತಿಳಿಯುತ್ತಾರೆ. ವಸಾಹತಿನ ಮೊದಲ ದಶಕಗಳಲ್ಲಿ ಸಿಡ್ನಿ ಪ್ರದೇಶದ ಅನೇಕ ಚಿಪ್ಪುದಿಬ್ಬಗಳನ್ನು ಅಗೆದು ಕಟ್ಟಡದ ಸುಣ್ಣಕ್ಕಾಗಿ ಸುಡಲಾಯಿತು. ಕರ್ನಾಟಕದ ಕರಾವಳಿಯಲ್ಲೂ ಚಿಪ್ಪಿನ ಸುಣ್ಣ ಪರಿಚಿತವೇ. ಆದರೆ ಸಿಡ್ನಿಯಲ್ಲಿ ಸುಟ್ಟ ಚಿಪ್ಪಿನ ಜತೆಗೆ ಅಲ್ಲಿನ ಜನರ ಇತಿಹಾಸದ ಆಧಾರಗಳೂ ನಾಶವಾದವು.

ತೊರೆಗಳ ಬಳಿಯ ಬಂಡೆಗಳಲ್ಲಿ ದೋಣಿಯಾಕಾರದ ಉದ್ದನೆಯ ಗೀರುಗಳು ಕಾಣಸಿಗುತ್ತವೆ. ಕಲ್ಗೊಡಲಿಯ ಬಾಯನ್ನು ನೀರು ಹಾಕಿ ಮಸೆದುದರಿಂದ ಇವು ಉಂಟಾದವು.

ಶಿಲಾಚಿತ್ರಗಳು

ಸಿಡ್ನಿಯ ಮರಳುಗಲ್ಲಿನ ಪ್ರದೇಶವು ಆಸ್ಟ್ರೇಲಿಯಾದ ಪ್ರಮುಖ ಶಿಲಾಚಿತ್ರ ವಲಯಗಳಲ್ಲಿ ಒಂದು. ಉದ್ಯಾನದ ಮೇರೆಯೊಳಗೇ ನೂರಾರು ನೆಲೆಗಳು ದಾಖಲಾಗಿವೆ. ಸಂರಕ್ಷಣೆಯ ಕಾರಣಕ್ಕೆ ಇವುಗಳಲ್ಲಿ ಕೆಲವನ್ನು ಮಾತ್ರ ಸಾರ್ವಜನಿಕರಿಗೆ ಗುರುತಿಸಿ ತೋರಿಸಲಾಗಿದೆ. ಶಿಲಾಚಿತ್ರಗಳಲ್ಲಿ ಎರಡು ಮುಖ್ಯ ಬಗೆಗಳಿವೆ.

ಕೊರೆಚಿತ್ರಗಳು

ಬೆಟ್ಟದ ಮೇಲಿನ ಹಾಸುಬಂಡೆಗಳಲ್ಲಿ ಇವು ಕಂಡುಬರುತ್ತವೆ. ಚಿತ್ರದ ಹೊರರೇಖೆಯ ಉದ್ದಕ್ಕೂ ಮೊದಲು ಗಟ್ಟಿಯಾದ ಕಲ್ಲಿನ ಮೊನೆಯಿಂದ ಸಾಲಾಗಿ ಗುಳಿಗಳನ್ನು ಕುಟ್ಟಿ, ಬಳಿಕ ಆ ಗುಳಿಗಳ ನಡುವಿನ ಭಾಗವನ್ನು ಉಜ್ಜಿ ಒಂದೇ ಗೀರಾಗಿ ಮಾಡುತ್ತಿದ್ದರು. ಕೆಲವು ಚಿತ್ರಗಳಲ್ಲಿ ಮೊದಲ ಗುಳಿಗಳ ಗುರುತು ಈಗಲೂ ಕಾಣುತ್ತದೆ. ಆಕೃತಿಯ ಒಳಭಾಗವನ್ನು ಸಾಮಾನ್ಯವಾಗಿ ಖಾಲಿ ಬಿಡಲಾಗಿದೆ. ತಿಮಿಂಗಿಲ, ಶಾರ್ಕ್, ಮೀನು, ಕಾಂಗರೂ, ವಾಲಬಿ, ಎಮು ಹಕ್ಕಿ, ಎಕಿಡ್ನಾ, ಗುರಾಣಿ, ಬೂಮರಾಂಗ್, ಗಂಡು ಹೆಣ್ಣಿನ ಆಕೃತಿಗಳು ಮತ್ತು ಸಾಲಾಗಿ ಸಾಗುವ ಹೆಜ್ಜೆಗುರುತುಗಳು ಸಿಡ್ನಿ ಪ್ರದೇಶದ ಚಿತ್ರಗಳ ಮುಖ್ಯ ವಸ್ತುಗಳು. ಮನುಷ್ಯಪ್ರಮಾಣಕ್ಕಿಂತ ದೊಡ್ಡದಾದ ಕೆಲವು ಆಕೃತಿಗಳನ್ನು ಬೈಯಾಮಿ ಮತ್ತು ದಾರಮುಲನ್ ಎಂಬ ಆದಿಪುರುಷರದೆಂದು ಗುರುತಿಸಲಾಗಿದೆ.

ಈ ಚಿತ್ರಗಳ ಕಾಲವನ್ನು ನೇರವಾಗಿ ನಿರ್ಣಯಿಸುವುದು ಕಷ್ಟ. ಬಂಡೆಯನ್ನು ಕೊರೆದಾಗ ಇಂಗಾಲದ ಕಾಲಮಾಪನಕ್ಕೆ ಒದಗುವ ಜೈವಿಕ ವಸ್ತು ಅಲ್ಲಿ ಉಳಿಯುವುದಿಲ್ಲ. ತೆರೆದ ಮರಳುಗಲ್ಲು ಸವೆಯುವ ಗತಿಯನ್ನು ಆಧರಿಸಿ, ಇಂದು ಕಾಣುವ ಚಿತ್ರಗಳಲ್ಲಿ ಹೆಚ್ಚಿನವು ಕಳೆದ ಕೆಲವು ಸಾವಿರ ವರ್ಷಗಳೊಳಗಿನವೆಂದು ಊಹಿಸಲಾಗಿದೆ. ಸಿಡ್ನಿ ಪ್ರದೇಶದ ಬೇರೆಡೆಗಳಲ್ಲಿ ಯೂರೋಪಿಯನ್ ಹಡಗುಗಳ ಚಿತ್ರಗಳೂ ಇರುವುದರಿಂದ, ಈ ಸಂಪ್ರದಾಯವು ವಸಾಹತುಗಾರರು ಬಂದಾಗ ಜೀವಂತವಾಗಿತ್ತೆಂಬುದು ಖಚಿತ.

ವರ್ಣಚಿತ್ರಗಳು ಮತ್ತು ಕೈಯಚ್ಚುಗಳು

ಕಲ್ಲಾಸರೆಗಳ ಗೋಡೆಗಳಲ್ಲಿ ಇದ್ದಿಲು, ಬಿಳಿಜೇಡಿ ಮತ್ತು ಜಾಜಿನ ಬಣ್ಣಗಳ ಚಿತ್ರಗಳಿವೆ. ಕೈಯಚ್ಚುಗಳು ಇವುಗಳಲ್ಲಿ ಪ್ರಸಿದ್ಧವಾದವು. ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದು, ಬಾಯಲ್ಲಿ ಬಣ್ಣವನ್ನು ನೀರಿನೊಂದಿಗೆ ಕಲಸಿಕೊಂಡು ಅದರ ಸುತ್ತ ಊದುತ್ತಿದ್ದರು. ಕೈ ತೆಗೆದಾಗ ಅದರ ಆಕಾರ ಬಣ್ಣದ ನಡುವೆ ಖಾಲಿಯಾಗಿ ಉಳಿಯುತ್ತಿತ್ತು. ಇಂತಹ ಅಚ್ಚು ನಿರ್ದಿಷ್ಟ ವ್ಯಕ್ತಿಯೊಬ್ಬರ ಕೈಯ ನಿಜವಾದ ಅಳತೆ.

ಸಾರ್ವಜನಿಕರು ನೋಡಬಹುದಾದ ನೆಲೆಗಳು

ಬೇಸಿನ್ ದಾರಿಯ ನೆಲೆ: ವೆಸ್ಟ್ ಹೆಡ್ ರಸ್ತೆಯಿಂದ ದಿ ಬೇಸಿನ್‌ಗೆ ಇಳಿಯುವ ದಾರಿಯ ಪಕ್ಕದಲ್ಲಿದೆ. ಮನುಷ್ಯಾಕೃತಿಗಳು, ಮೀನುಗಳು ಮತ್ತು ವಾಲಬಿಯ ಚಿತ್ರಗಳಿಗೆ ಹೆಸರಾಗಿದೆ.

ರೆಡ್ ಹ್ಯಾಂಡ್ಸ್ ಕಲ್ಲಾಸರೆ: ವೆಸ್ಟ್ ಹೆಡ್‌ನಲ್ಲಿ, ರೆಸಲ್ಯೂಟ್ ವಿಹಾರತಾಣದ ಸಮೀಪದಲ್ಲಿದೆ. ಇಲ್ಲಿ ಕೆಂಪು ಬಣ್ಣದ ಕೈಯಚ್ಚುಗಳಿವೆ.

ಎಲ್ವಿನಾ ದಾರಿಯ ನೆಲೆ: ವಿಶಾಲವಾದ ಹಾಸುಬಂಡೆಯ ಮೇಲಿರುವ ಎಮು ಹಕ್ಕಿಯ ಚಿತ್ರದಿಂದ ಪ್ರಸಿದ್ಧ.

ಆಕಾಶದ ಎಮು

ಆಸ್ಟ್ರೇಲಿಯಾದ ಹಲವು ಮೂಲನಿವಾಸಿ ಸಮುದಾಯಗಳು ಆಕಾಶದಲ್ಲಿ ನಕ್ಷತ್ರಗಳ ಜತೆಗೆ ಆಕಾಶಗಂಗೆಯೊಳಗಿನ ಕಪ್ಪು ಪಟ್ಟಿಗಳಲ್ಲೂ ಆಕೃತಿಗಳನ್ನು ಕಂಡಿವೆ. ಇವುಗಳಲ್ಲಿ ಮುಖ್ಯವಾದುದು ಎಮು. ತ್ರಿಶಂಕು ನಕ್ಷತ್ರಪುಂಜದ ಪಕ್ಕದ ಕಪ್ಪು ಮಚ್ಚೆ ಅದರ ತಲೆ. ಅಲ್ಲಿಂದ ವೃಶ್ಚಿಕ ರಾಶಿಯ ಕಡೆಗೆ ಚಾಚಿದ ಕಪ್ಪು ಧೂಳಿನ ಪಟ್ಟಿಗಳು ಅದರ ಕುತ್ತಿಗೆ ಮತ್ತು ಒಡಲು. ಎಲ್ವಿನಾ ದಾರಿಯ ಕೊರೆಚಿತ್ರದಲ್ಲಿ ಎಮುವಿನ ಕಾಲುಗಳು ಹಿಂದಕ್ಕೆ ಚಾಚಿಕೊಂಡಿದ್ದು, ನಡೆಯುವ ಹಕ್ಕಿಯ ಭಂಗಿಯನ್ನು ಹೋಲುವುದಿಲ್ಲ. ದಕ್ಷಿಣಾರ್ಧಗೋಳದ ಶರತ್ಕಾಲದ ಸಂಜೆಗಳಲ್ಲಿ ಆಕಾಶದ ಎಮು ಈ ಚಿತ್ರದ ಮೇಲೆ ಅದೇ ದಿಕ್ಕಿನಲ್ಲಿ ನಿಲ್ಲುತ್ತದೆ. ಎಮು ಹಕ್ಕಿಗಳು ಮೊಟ್ಟೆಯಿಡುವ ಕಾಲವೂ ಹೆಚ್ಚುಕಡಿಮೆ ಅದೇ. ಈ ಹೊಂದಾಣಿಕೆ ಉದ್ದೇಶಪೂರ್ವಕವೆಂದು ಕೆಲವು ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ. ಆದರೆ ಅದನ್ನು ಖಚಿತಪಡಿಸುವ ಸ್ಥಳೀಯ ಮೌಖಿಕ ದಾಖಲೆಗಳ ಕೊರತೆಯಿಂದ ಇದು ಬಲವಾದ ಊಹೆಯಾಗಿಯೇ ಉಳಿದಿದೆ.

ಇತಿಹಾಸ

ವಸಾಹತು ಸಂಪರ್ಕ

ಬ್ರಿಟಿಷ್ ನಾವಿಕ ಜೇಮ್ಸ್ ಕುಕ್ 1770ರಲ್ಲಿ ಈ ಕರಾವಳಿಯಲ್ಲಿ ಸಾಗುತ್ತಾ ಬ್ರೋಕನ್ ಬೇ ಎಂಬ ಹೆಸರನ್ನು ಕೊಟ್ಟನು. 1788ರ ಮಾರ್ಚ್‌ನಲ್ಲಿ, ವಸಾಹತು ಸ್ಥಾಪನೆಯಾದ ಕೆಲವೇ ವಾರಗಳಲ್ಲಿ, ಗವರ್ನರ್ ಆರ್ಥರ್ ಫಿಲಿಪ್ ದೋಣಿಗಳಲ್ಲಿ ಇಲ್ಲಿಗೆ ಬಂದು ಕೊಲ್ಲಿಗಳನ್ನು ಪರಿಶೀಲಿಸಿದನು. ಅಂದಿನ ಬ್ರಿಟಿಷ್ ಪ್ರಧಾನಿ ವಿಲಿಯಂ ಪಿಟ್‌ನ ನೆನಪಿಗೆ ದಕ್ಷಿಣದ ಕವಲಿಗೆ ಪಿಟ್‌ವಾಟರ್ ಎಂದು ಹೆಸರಿಟ್ಟನು.

1789ರಲ್ಲಿ ಸಿಡ್ನಿ ಸುತ್ತಲಿನ ಮೂಲನಿವಾಸಿಗಳಲ್ಲಿ ಸಿಡುಬು ಹರಡಿತು. ಈ ರೋಗದ ವಿರುದ್ಧ ಅವರಲ್ಲಿ ಪ್ರತಿರೋಧ ಶಕ್ತಿ ಇರಲಿಲ್ಲ. ಜನಸಂಖ್ಯೆಯ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಜನ ಸತ್ತಿರಬಹುದೆಂದು ಅಂದಾಜಿಸಲಾಗಿದೆ. ಉಳಿದವರು ಕುಲಗಳ ಹಳೆಯ ಮೇರೆಗಳನ್ನು ದಾಟಿ ಹೊಸ ಗುಂಪುಗಳಾಗಿ ಸೇರಿಕೊಂಡರು. ಚಿತ್ರಗಳು, ಆಚರಣೆಗಳು ಮತ್ತು ಸ್ಥಳಗಳ ಜ್ಞಾನವನ್ನು ಹಿರಿಯರು ಕಿರಿಯರಿಗೆ ಹಂತಹಂತವಾಗಿ ಒಪ್ಪಿಸುತ್ತಿದ್ದ ಕ್ರಮ ಇದರಿಂದ ಮುರಿದುಬಿತ್ತು.

ಬದುಕುಳಿದವರಲ್ಲಿ ಹೆಸರಾದವನು ಬ್ರೋಕನ್ ಬೇ ಪ್ರದೇಶದ ಬಂಗಾರಿ. ಈತ 1802–03ರಲ್ಲಿ ಮ್ಯಾಥ್ಯೂ ಫ್ಲಿಂಡರ್ಸ್‌ನ ಜತೆ 'ಇನ್ವೆಸ್ಟಿಗೇಟರ್' ಹಡಗಿನಲ್ಲಿ ಆಸ್ಟ್ರೇಲಿಯಾ ಖಂಡವನ್ನು ಸುತ್ತಿ, ದಾರಿಯಲ್ಲಿ ಸಿಕ್ಕ ಬೇರೆ ಬೇರೆ ಜನಾಂಗಗಳೊಂದಿಗೆ ಸ್ನೇಹ ಬೆಳೆಸಲು ನೆರವಾದನು. 1830ರಲ್ಲಿ ಮರಣ ಹೊಂದಿದನು. ಅವನ ಪತ್ನಿಯರಲ್ಲಿ ಒಬ್ಬಳಾದ ಕೋರಾ ಗೂಸ್‌ಬೆರಿ 1845ರಲ್ಲಿ ಚಿತ್ರಕಾರ ಜಾರ್ಜ್ ಫ್ರೆಂಚ್ ಆಂಗಸ್ ಮತ್ತು ಅವನ ಜತೆಗಾರನಿಗೆ ಸಿಡ್ನಿ ಬಂದರಿನ ನಾರ್ತ್ ಹೆಡ್‌ನಲ್ಲಿದ್ದ ಕೊರೆಚಿತ್ರಗಳನ್ನು ತೋರಿಸಿದಳು. ಅಂತಹ ಸ್ಥಳಗಳು ಮಂತ್ರವೈದ್ಯರಿಗೆ ಸೇರಿದವು, ತಾನು ಅಲ್ಲಿಗೆ ಹೋಗಬಾರದು ಎಂದು ಅವಳು ಮೊದಲು ಹಿಂಜರಿದಳೆಂದು ಆಂಗಸ್ ದಾಖಲಿಸಿದ್ದಾನೆ. ಬಳಿಕ ತನ್ನ ತಂದೆಯಿಂದ ಕೇಳಿದ್ದನ್ನು ಹೇಳಿದಳು. ಸಿಡ್ನಿಯ ಕೊರೆಚಿತ್ರಗಳ ಕುರಿತು ಮೂಲನಿವಾಸಿಯೊಬ್ಬರ ಮಾತು ದಾಖಲಾದ ವಿರಳ ಸಂದರ್ಭಗಳಲ್ಲಿ ಇದೊಂದು. ಕೆಲವು ನೆಲೆಗಳು ಎಲ್ಲರೂ ನೋಡುವುದಕ್ಕೆ ಇದ್ದವಲ್ಲ ಎಂಬುದೂ ಇದರಿಂದ ತಿಳಿಯುತ್ತದೆ.

ಭೂಮಾಪಕ ಡಬ್ಲ್ಯೂ. ಡಿ. ಕ್ಯಾಂಪ್‌ಬೆಲ್ ಸಿಡ್ನಿ ಬಂದರು ಮತ್ತು ಬ್ರೋಕನ್ ಬೇ ಪ್ರದೇಶಗಳ ಕೊರೆಚಿತ್ರಗಳನ್ನು ಅಳೆದು ಬರೆದ ಸಚಿತ್ರ ಸಮೀಕ್ಷೆ 1899ರಲ್ಲಿ ಪ್ರಕಟವಾಯಿತು. ಆಗ ಸ್ಪಷ್ಟವಾಗಿದ್ದ ಎಷ್ಟೋ ರೇಖೆಗಳು ಇಂದು ಮಸುಕಾಗಿವೆ. ಕೆಲವು ನೆಲೆಗಳು ನಗರದ ಬೆಳವಣಿಗೆಯಲ್ಲಿ ಕಣ್ಮರೆಯಾಗಿವೆ. ಆದ್ದರಿಂದ ಅವನ ರೇಖಾಚಿತ್ರಗಳು ಈಗ ಹೋಲಿಕೆಗೆ ಆಧಾರವಾಗಿವೆ.

ಉದ್ಯಾನದ ಸ್ಥಾಪನೆ

19ನೆಯ ಶತಮಾನದ ಕೊನೆಯಲ್ಲಿ ಸಿಡ್ನಿಯ ಉತ್ತರಕ್ಕೆ ರೈಲುಮಾರ್ಗ ಬಂದಂತೆ ಮರ ಕಡಿಯುವುದು ಮತ್ತು ಮಾರಾಟಕ್ಕಾಗಿ ಕಾಡುಹೂಗಳನ್ನು ಕೀಳುವುದು ಹೆಚ್ಚಿತು. ಇದರಿಂದ ಕಳವಳಗೊಂಡ ಎಕ್ಲ್‌ಸ್ಟನ್ ಡು ಫೌರ್ ಎಂಬಾತ ಸರ್ಕಾರದ ಮೇಲೆ ಒತ್ತಡ ತಂದನು. ಅದರ ಫಲವಾಗಿ 1894ರ ಡಿಸೆಂಬರ್‌ನಲ್ಲಿ ಈ ಭೂಮಿಯನ್ನು ಸಾರ್ವಜನಿಕ ಉಪಯೋಗಕ್ಕಾಗಿ ಕಾಯ್ದಿರಿಸಲಾಯಿತು. ಮೊದಲು ಟ್ರಸ್ಟ್ ಒಂದು ಇದನ್ನು ನೋಡಿಕೊಂಡಿತು. 1967ರಲ್ಲಿ ರಚನೆಯಾದ ನ್ಯೂ ಸೌತ್ ವೇಲ್ಸ್‌ನ ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿ ಸೇವೆಗೆ ಬಳಿಕ ಆಡಳಿತ ವರ್ಗವಾಯಿತು. ಎರಡನೆಯ ಮಹಾಯುದ್ಧದ ಸಮಯದಲ್ಲಿ ಹಾಕ್ಸ್‌ಬರಿ ನದಿಯ ಬಾಯನ್ನು ಕಾಯಲು ವೆಸ್ಟ್ ಹೆಡ್‌ನಲ್ಲಿ ಫಿರಂಗಿ ನೆಲೆಯನ್ನು ನಿರ್ಮಿಸಲಾಗಿತ್ತು. ಅದರ ಅವಶೇಷಗಳು ಈಗಲೂ ಇವೆ. 1881ರ ದೀಪಸ್ತಂಭವಿರುವ ಬ್ಯಾರನ್‌ಜೋಯಿ ಭೂಶಿರವು 1995ರಲ್ಲಿ ಉದ್ಯಾನಕ್ಕೆ ಸೇರಿತು. 2006ರ ಡಿಸೆಂಬರ್‌ನಲ್ಲಿ ಕು-ರಿಂಗ್-ಗೈ ಚೇಸ್ ಮತ್ತು ಸಮೀಪದ ಮೂರು ದ್ವೀಪಗಳನ್ನು ಒಟ್ಟಾಗಿ ಆಸ್ಟ್ರೇಲಿಯಾದ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು.

ಸಸ್ಯಗಳು ಮತ್ತು ಪ್ರಾಣಿಗಳು

ಮರಳುಗಲ್ಲಿನ ಮಣ್ಣು ಸತ್ವಹೀನ. ಆದರೂ ಅದರ ಮೇಲಿನ ಸಸ್ಯವೈವಿಧ್ಯ ಅಸಾಧಾರಣವಾದುದು. ನುಣುಪಾದ ಕಿತ್ತಳೆ ಬಣ್ಣದ ಕಾಂಡದ ಆಂಗೋಫೋರಾ ಮರಗಳು, ತೊಗಟೆಯ ಮೇಲೆ ಹುಳುಗಳು ಗೀಚಿದ ಗೆರೆಗಳಿರುವ 'ಸ್ಕ್ರಿಬ್ಲಿ ಗಮ್' ಮರಗಳು, ಬ್ಯಾಂಕ್ಸಿಯಾ, ಹುಲ್ಲುಮರ ಮತ್ತು ರಾಜ್ಯಪುಷ್ಪವಾದ ಕೆಂಪು ವಾರಟಾ ಇಲ್ಲಿ ಬೆಳೆಯುತ್ತವೆ. ಕರ್ನಾಟಕದಲ್ಲಿ ನೀಲಗಿರಿ ಎಂದು ಪರಿಚಿತವಾದ ಯೂಕಲಿಪ್ಟಸ್ ಕುಲದ ಹಲವು ಜಾತಿಗಳಿಗೆ ಇದು ತವರುನೆಲ.

ಈ ಸಸ್ಯಗಳಲ್ಲಿ ಅನೇಕವು ಬೆಂಕಿಗೆ ಹೊಂದಿಕೊಂಡಿವೆ. ಬ್ಯಾಂಕ್ಸಿಯಾದ ಕೆಲವು ಜಾತಿಗಳ ಗಟ್ಟಿಯಾದ ಕಾಯಿಗಳು ಬೆಂಕಿಯ ಬಿಸಿಗೆ ಬಿರಿದು ಬೀಜ ಉದುರಿಸುತ್ತವೆ. ವಾರಟಾ ಸುಟ್ಟ ಬಳಿಕ ನೆಲದಡಿಯ ಗಡ್ಡೆಯಿಂದ ಮತ್ತೆ ಚಿಗುರುತ್ತದೆ. ಆದರೆ ಬೆಂಕಿ ಪದೇಪದೇ ಬಂದರೆ ಬೀಜ ಬಲಿಯಲು ಕಾಲ ಸಾಲದೆ ಈ ಜಾತಿಗಳೂ ಕ್ಷೀಣಿಸುತ್ತವೆ. 1994ರ ಜನವರಿಯ ಕಾಳ್ಗಿಚ್ಚು ಉದ್ಯಾನದ ದೊಡ್ಡ ಭಾಗವನ್ನು ಸುಟ್ಟಿತು.

ಸ್ವಾಂಪ್ ವಾಲಬಿ, ಎಕಿಡ್ನಾ, ದೊಡ್ಡ ಉಡ, ಬೇರೆ ಹಕ್ಕಿಗಳ ಕೂಗನ್ನು ಅನುಕರಿಸುವ ಲೈರ್‌ಬರ್ಡ್ ಮತ್ತು ಅಳಿವಿನಂಚಿನ ದಕ್ಷಿಣದ ಕಂದು ಬ್ಯಾಂಡಿಕೂಟ್ ಇಲ್ಲಿನ ಕೆಲವು ಪ್ರಾಣಿಪಕ್ಷಿಗಳು. ಕೊಲ್ಲಿಗಳ ಮೇಲೆ ಹಾರಾಡುವ ಬಿಳಿಹೊಟ್ಟೆಯ ಕಡಲಹದ್ದು, ಉತ್ತರ ಕನ್ನಡ ಜಿಲ್ಲೆಯ ನೇತ್ರಾಣಿ ದ್ವೀಪದಲ್ಲಿ ಗೂಡುಕಟ್ಟುವ ಜಾತಿಯದೇ. ಬ್ರೋಕನ್ ಬೇ ಬಾಯಲ್ಲಿರುವ ಲಯನ್ ದ್ವೀಪದಲ್ಲಿ ಪುಟ್ಟ ಪೆಂಗ್ವಿನ್‌ಗಳು ಸಂತಾನೋತ್ಪತ್ತಿ ಮಾಡುತ್ತವೆ.

ಕಾಲುದಾರಿಗಳು

ಆಸ್ಟ್ರೇಲಿಯಾದಲ್ಲಿ ಕಾಡಿನೊಳಗಿನ ಕಾಲ್ನಡಿಗೆಗೆ 'ಬುಷ್‌ವಾಕಿಂಗ್' ಎನ್ನುತ್ತಾರೆ. ಕು-ರಿಂಗ್-ಗೈ ಚೇಸ್‌ನ ದಾರಿಗಳು ಹೆಚ್ಚಾಗಿ ಬೆಟ್ಟಸಾಲಿನ ಮೇಲಿನ ರಸ್ತೆಯಿಂದ ಹೊರಟು ನೀರಿನಂಚಿಗೆ ಇಳಿಯುತ್ತವೆ. ಆದ್ದರಿಂದ ಕಷ್ಟದ ಏರು ಮರಳುವಾಗ ಎದುರಾಗುತ್ತದೆ.

ಬೇಸಿನ್ ದಾರಿ: ವೆಸ್ಟ್ ಹೆಡ್ ರಸ್ತೆಯಿಂದ ದಿ ಬೇಸಿನ್ ತೀರಕ್ಕೆ ಸುಮಾರು 3 ಕಿ.ಮೀ. ಕೊರೆಚಿತ್ರಗಳ ನೆಲೆ ದಾರಿಯ ಮೇಲ್ಭಾಗದಲ್ಲಿ ಸಿಗುತ್ತದೆ. ಮುಂದಿನ ಇಳಿಜಾರು ಕಡಿದಾಗಿದೆ.

ರೆಸಲ್ಯೂಟ್ ದಾರಿ: ಕೈಯಚ್ಚುಗಳ ಕಲ್ಲಾಸರೆ, ಕೊರೆಚಿತ್ರಗಳು, ರೆಸಲ್ಯೂಟ್ ತೀರ ಮತ್ತು ವೆಸ್ಟ್ ಹೆಡ್ ತೀರಗಳನ್ನು ಜೋಡಿಸುವ ಸುತ್ತುದಾರಿ. ತೀರ, ಕಾಡು ಮತ್ತು ಚಿತ್ರಗಳನ್ನು ಒಂದೇ ನಡಿಗೆಯಲ್ಲಿ ನೋಡಲು ಇದು ಅನುಕೂಲ.

ಅಮೆರಿಕಾ ಬೇ ದಾರಿ: ಕೋವನ್ ಕ್ರೀಕ್ ಕಡೆಗೆ ಸಾಗುವ ಚಿಕ್ಕ ದಾರಿ. ಮಳೆಯ ನಂತರ ಇಲ್ಲಿನ ಜಲಪಾತದಲ್ಲಿ ನೀರಿರುತ್ತದೆ.

ಗಿಬರಗಾಂಗ್ ದಾರಿ: ಬಾಬಿನ್ ಹೆಡ್‌ನಿಂದ ತೊರೆಯ ಅಂಚಿನಲ್ಲಿ ಕಾಂಡ್ಲಾ ಕಾಡು ಮತ್ತು ಮರಳುಗಲ್ಲಿನ ಇಳಿಜಾರುಗಳ ನಡುವೆ ಸಾಗುತ್ತದೆ.

ವೆಸ್ಟ್ ಹೆಡ್‌ಗೆ ಸಾರ್ವಜನಿಕ ಬಸ್ಸಿಲ್ಲ. ಟೆರಿ ಹಿಲ್ಸ್ ಕಡೆಯಿಂದ ಸ್ವಂತ ವಾಹನದಲ್ಲಿ ಬರಬಹುದು, ಇಲ್ಲವೇ ಪಾಮ್ ಬೀಚ್‌ನಿಂದ ದೋಣಿಯಲ್ಲಿ ದಿ ಬೇಸಿನ್ ಅಥವಾ ಗ್ರೇಟ್ ಮ್ಯಾಕರೆಲ್ ತೀರಕ್ಕೆ ಬಂದು ಅಲ್ಲಿಂದ ನಡೆಯಬಹುದು. ಪಶ್ಚಿಮದ ದಾರಿಗಳಿಗೆ ಮೌಂಟ್ ಕು-ರಿಂಗ್-ಗೈ ರೈಲು ನಿಲ್ದಾಣ ಸಮೀಪ. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಬೇಸಿಗೆಯಲ್ಲಿ ಬೆಂಕಿಯ ಅಪಾಯ ಹೆಚ್ಚಿರುವ ದಿನಗಳಂದು ಉದ್ಯಾನವನ್ನು ಮುಚ್ಚುವುದುಂಟು. ಹೆಚ್ಚಿನ ದಾರಿಗಳಲ್ಲಿ ಕುಡಿಯುವ ನೀರು ಸಿಗುವುದಿಲ್ಲ. ಉಣ್ಣೆ ಮತ್ತು ಹಾವುಗಳ ಬಗ್ಗೆ ಎಚ್ಚರಿಕೆ ಅಗತ್ಯ. ಸಾಕುನಾಯಿಗಳನ್ನು ಕರೆತರುವಂತಿಲ್ಲ.

ಸಂರಕ್ಷಣೆ

ಕೊರೆಚಿತ್ರಗಳಿಗೆ ಮುಖ್ಯ ಅಪಾಯ ಸವೆತ. ಮಳೆ, ಗಾಳಿ, ಕಾಳ್ಗಿಚ್ಚಿನ ಬಿಸಿಗೆ ಬಂಡೆಯ ಮೇಲ್ಪದರ ಸಿಡಿದು ಏಳುವುದು ಮತ್ತು ಕಲ್ಲುಹೂಗಳ ಬೆಳವಣಿಗೆ ಇದರ ಸಹಜ ಕಾರಣಗಳು. ಇವುಗಳಿಗೆ ಮನುಷ್ಯರ ನಡೆದಾಟ ಸೇರಿದಾಗ ಹಾನಿ ವೇಗಗೊಳ್ಳುತ್ತದೆ. ಪಾದರಕ್ಷೆಗೆ ಅಂಟಿದ ಮರಳಿನ ಕಣಗಳು ಮೆದುವಾದ ಬಂಡೆಯನ್ನು ಉಜ್ಜುಕಾಗದದಂತೆ ತೇಯುತ್ತವೆ. ಛಾಯಾಚಿತ್ರದಲ್ಲಿ ಸ್ಪಷ್ಟವಾಗಿ ಕಾಣಲೆಂದು ಗೀರುಗಳಿಗೆ ಸೀಮೆಸುಣ್ಣ ಬಳಿಯುವುದು, ಕೋಲಿನಿಂದ ತಿದ್ದುವುದು, ಹೆಸರು ಕೆತ್ತುವುದು ಇವೆಲ್ಲ ಶಾಶ್ವತವಾದ ಹಾನಿ ಮಾಡುತ್ತವೆ. ಕೈಯಚ್ಚುಗಳನ್ನು ಮುಟ್ಟಿದರೆ ಚರ್ಮದ ಎಣ್ಣೆಯಂಶದಿಂದ ಬಣ್ಣ ಕೆಡುತ್ತದೆ.

ಹಳೆಯ ಕಾಲದಲ್ಲಿ ಆಚರಣೆಗಳ ಸಂದರ್ಭದಲ್ಲಿ ಗೀರುಗಳನ್ನು ಮತ್ತೆ ಉಜ್ಜಿ ನವೀಕರಿಸುತ್ತಿದ್ದರೆಂದು ನಂಬಲಾಗಿದೆ. ಮಸುಕಾಗುತ್ತಿರುವ ಚಿತ್ರಗಳನ್ನು ಇಂದು ಅದೇ ರೀತಿ ತಿದ್ದಬಹುದೇ ಎಂಬ ಪ್ರಶ್ನೆಗೆ ಒಮ್ಮತದ ಉತ್ತರವಿಲ್ಲ. ತಿದ್ದಿದರೆ ಮೂಲ ರೇಖೆಯ ಪುರಾತತ್ತ್ವ ಸಾಕ್ಷ್ಯ ಅಳಿಯುತ್ತದೆ. ತಿದ್ದದಿದ್ದರೆ ಚಿತ್ರವೇ ಕಾಲಕ್ರಮದಲ್ಲಿ ಅಳಿಯುತ್ತದೆ. ಆ ಕೆಲಸ ಮಾಡುವ ಅಧಿಕಾರ ಯಾರದು ಎಂಬುದು ಇನ್ನೂ ಮೂಲಭೂತವಾದ ಪ್ರಶ್ನೆ.

ನ್ಯೂ ಸೌತ್ ವೇಲ್ಸ್‌ನ 1974ರ ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿ ಕಾಯಿದೆಯ ಪ್ರಕಾರ ಮೂಲನಿವಾಸಿ ನೆಲೆಗಳಿಗೆ ಹಾನಿ ಮಾಡುವುದು ಅಪರಾಧ. ಚಿಪ್ಪುದಿಬ್ಬದಿಂದ ಚಿಪ್ಪನ್ನೋ ಕಲ್ಲಿನ ಚೂರನ್ನೋ ಎತ್ತಿಕೊಂಡು ಹೋಗುವುದೂ ಇದರಲ್ಲಿ ಸೇರುತ್ತದೆ. 1983ರ ಮೂಲನಿವಾಸಿ ಭೂಹಕ್ಕು ಕಾಯಿದೆಯಡಿ ರಚನೆಯಾದ ಸ್ಥಳೀಯ ಭೂಮಂಡಳಿಗಳಿಗೂ ಪರಂಪರೆಯ ರಕ್ಷಣೆಯಲ್ಲಿ ಪಾತ್ರವಿದೆ.

ಬೆಳಗಿನ ಅಥವಾ ಸಂಜೆಯ ಇಳಿಬಿಸಿಲಿನಲ್ಲಿ ಗೀರುಗಳೊಳಗೆ ನೆರಳು ಬಿದ್ದು ಕೊರೆಚಿತ್ರಗಳು ಸ್ಪಷ್ಟವಾಗಿ ಕಾಣುತ್ತವೆ. ನಡುಹಗಲಿನಲ್ಲಿ ಅದೇ ಬಂಡೆ ಬರಿದಾಗಿ ತೋರಬಹುದು. ಆದ್ದರಿಂದ ತಕ್ಕ ಹೊತ್ತಿನಲ್ಲಿ ಹೋಗಿ, ಹಲಗೆಯ ದಾರಿ ಅಥವಾ ಗುರುತಿಸಿದ ಅಂಚಿನಲ್ಲಿ ನಿಂತು ನೋಡುವುದು ಸೂಕ್ತ. ಬಂಡೆಯ ಮೇಲೆ ಕಾಲಿಡದೆ, ಏನನ್ನೂ ಬಳಿಯದೆ ಚಿತ್ರಗಳನ್ನು ಪೂರ್ಣವಾಗಿ ಕಾಣುವ ಕ್ರಮ ಇದು.